ಮಗುವಿನ ಬೆಳಗು ಮತ್ತು ಇಂಗ್ಲಿಷಿನ ಮೊದಲ ಪಾಠ

ಇಂಗ್ಲಿಷನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಕಲಿಯುವ ಎಳೆಯ ಮಕ್ಕಳ ಪಠ್ಯಕ್ರಮಗಳಲ್ಲಿ ಬೆಳಗಿನ ದಿನಚರಿ ಎಂಬ ಘಟಕಕ್ಕೆ ಬಹುಕಾಲದಿಂದ ಒಂದು ಸ್ಥಾನವಿದೆ. ಏಳುವುದು, ಹಲ್ಲುಜ್ಜುವುದು, ಮುಖ ತೊಳೆಯುವುದು, ಸ್ನಾನ ಮಾಡುವುದು, ಬಟ್ಟೆ ಹಾಕಿಕೊಳ್ಳುವುದು, ತಲೆ ಬಾಚುವುದು, ತಿಂಡಿ ತಿನ್ನುವುದು, ಶಾಲೆಗೆ ಹೊರಡುವುದು ಎಂಬ ಏಳೆಂಟು ಕೆಲಸಗಳನ್ನು ಚಿತ್ರಗಳಲ್ಲಿ ತೋರಿಸಿ, ಅವುಗಳ ಇಂಗ್ಲಿಷ್ ಹೆಸರುಗಳನ್ನು ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸಿ, ಚಿತ್ರಕ್ಕೂ ಪದಕ್ಕೂ ಗೆರೆ ಎಳೆಯುವ ಅಭ್ಯಾಸ ಮಾಡಿಸಿ ಮುಂದಿನ ಘಟಕಕ್ಕೆ ಸಾಗುವುದು ರೂಢಿಯ ಕ್ರಮವಾಗಿದೆ. ಈ ಘಟಕ ಆರಂಭದಲ್ಲೇ ಬರುವುದು ಸರಿಯಾದುದೇ. ಆದರೆ ಅದರ ಪದಗಳು ಸುಲಭವಾದವು ಎಂಬ ನಂಬಿಕೆಯಿಂದ ಅದನ್ನು ಬೋಧಿಸಿದಾಗ ಅದರೊಳಗಿನ ಸತ್ವ ಕೈತಪ್ಪುತ್ತದೆ. ಬೆಳಗಿನ ಬಗ್ಗೆ ಮಗುವಿಗೆ ಈಗಾಗಲೇ ಒಂದು ಪೂರ್ಣವಾದ, ಅನುಕ್ರಮವುಳ್ಳ ತಿಳಿವಳಿಕೆ ಇರುತ್ತದೆ, ಇಲ್ಲದಿರುವುದು ಅದನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆ ಮಾತ್ರ. ಆ ತಿಳಿವಳಿಕೆಯನ್ನು ಬಂಡವಾಳವಾಗಿ ಬಳಸಿಕೊಳ್ಳುವ ಬೋಧನೆ ಫಲಿಸುತ್ತದೆ. ಅದನ್ನು ಬದಿಗಿಟ್ಟು ಪದಪಟ್ಟಿಯೊಂದನ್ನು ಕೈಗಿಡುವ ಬೋಧನೆ ಮಗುವಿಗೆ ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನಾಗಿ ಮಾಡುತ್ತದೆ.

ಮಕ್ಕಳ ಈ ತಿಳಿವಳಿಕೆಯ ಸ್ವರೂಪವನ್ನು ಮನೋವಿಜ್ಞಾನಿಗಳು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಪದೇ ಪದೇ ನಡೆಯುವ ಘಟನೆಯೊಂದರ ಬಗ್ಗೆ, ಅದರಲ್ಲಿ ಯಾರು ಇರುತ್ತಾರೆ, ಯಾವುದಾದ ಮೇಲೆ ಯಾವುದು ಆಗುತ್ತದೆ, ಯಾವ ವಸ್ತು ಬೇಕಾಗುತ್ತದೆ ಎಂಬುದರ ಬಗ್ಗೆ ಮನಸ್ಸಿನಲ್ಲಿ ಅಚ್ಚೊತ್ತಿರುವ ಸಾಮಾನ್ಯ ರೂಪರೇಖೆಯನ್ನು ರೋಜರ್ ಶ್ಯಾಂಕ್ ಮತ್ತು ರಾಬರ್ಟ್ ಏಬೆಲ್ಸನ್ 1977ರ ತಮ್ಮ ಗ್ರಂಥದಲ್ಲಿ ‘ಸ್ಕ್ರಿಪ್ಟ್’ ಎಂದು ಕರೆದರು. ನಾಟಕದ ರಂಗಪ್ರತಿಯಂತೆ ಇದು ಮುಂದೇನು ಎಂಬುದನ್ನು ಮೊದಲೇ ಸೂಚಿಸುತ್ತಿರುತ್ತದೆ. ಅಮೆರಿಕದ ಮನೋವಿಜ್ಞಾನಿ ಕ್ಯಾಥರಿನ್ ನೆಲ್ಸನ್ ಮತ್ತು ಅವರ ಸಹವರ್ತಿಗಳು ಮೂರು ವರ್ಷದ ಆಸುಪಾಸಿನ ಮಕ್ಕಳು ಕೂಡ ತಮಗೆ ಪರಿಚಿತವಾದ ದಿನನಿತ್ಯದ ಘಟನೆಗಳನ್ನು ಸರಿಯಾದ ಅನುಕ್ರಮದಲ್ಲಿ, ‘ಹೀಗೆ ಮಾಡುತ್ತೇವೆ’ ಎಂಬ ಸಾಮಾನ್ಯೀಕರಿಸಿದ ಧಾಟಿಯಲ್ಲಿ ಹೇಳಬಲ್ಲರೆಂಬುದನ್ನು ತೋರಿಸಿದರು. ಒಂದನೆಯ ತರಗತಿಗೆ ಬರುವ ಆರು ವರ್ಷದ ಮಗುವಿನಲ್ಲಿ ಈ ರೂಪರೇಖೆ ಎಷ್ಟು ಗಟ್ಟಿಯಾಗಿರುತ್ತದೆಯೆಂದರೆ, ಹಲ್ಲುಜ್ಜುವ ಮೊದಲೇ ತಿಂಡಿ ತಿಂದ ಚಿತ್ರವನ್ನು ತೋರಿಸಿದರೆ ಅದು ತಕ್ಷಣ ತಪ್ಪು ಹಿಡಿಯುತ್ತದೆ. ಭಾಷಾಬೋಧನೆಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಅನುಕೂಲ ಮತ್ತೊಂದಿಲ್ಲ, ಏಕೆಂದರೆ ಹೊಸ ಭಾಷೆಯ ಮಾತನ್ನು ಕೇಳುವ ಮಗುವಿಗೆ ಮುಂದಿನ ವಾಕ್ಯದ ಅರ್ಥ ಏನಿರಬಹುದೆಂಬ ನಿರೀಕ್ಷೆ ಮೊದಲೇ ಇರುತ್ತದೆ.

ಹೀಗಿರುವಾಗ ಪದಪಟ್ಟಿಯ ವಿಧಾನ ಈ ಅನುಕ್ರಮವನ್ನು ಒಡೆದುಹಾಕುತ್ತದೆ. ಬ್ರಷ್, ಪೇಸ್ಟ್, ಸೋಪ್, ಟವೆಲ್, ಬಕೆಟ್, ಮಗ್ ಎಂದು ವಸ್ತುಗಳ ಹೆಸರುಗಳನ್ನು ಒಂದು ಕಡೆ ಗುಡ್ಡೆ ಹಾಕಿ ಕಲಿಸುವುದು ಅಚ್ಚುಕಟ್ಟಾಗಿ ಕಾಣುತ್ತದೆಯಾದರೂ ಅದು ನೆನಪಿಗೆ ನೆರವಾಗುವುದಿಲ್ಲ. ಥಾಮಸ್ ಟಿಂಕಮ್ 1993 ಮತ್ತು 1997ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಜಾತಿಗೆ ಸೇರಿದ ಪದಗಳನ್ನು, ಉದಾಹರಣೆಗೆ ಉಡುಪುಗಳ ಹೆಸರುಗಳನ್ನೆಲ್ಲ, ಒಟ್ಟಿಗೆ ಕಲಿತವರಿಗೆ ಅವು ಒಂದರೊಡನೊಂದು ತೊಡಕಿಕೊಂಡು ಕಲಿಕೆ ನಿಧಾನವಾಯಿತೆಂದೂ, ಒಂದೇ ಸನ್ನಿವೇಶಕ್ಕೆ ಸೇರಿದ ಬೇರೆ ಬೇರೆ ಬಗೆಯ ಪದಗಳನ್ನು, ಎಂದರೆ ಕಪ್ಪೆ, ಕೊಳ, ಜಿಗಿ, ಹಸಿರು ಎಂಬಂಥವನ್ನು, ಒಟ್ಟಿಗೆ ಕಲಿಯುವುದು ಸಲೀಸಾಯಿತೆಂದೂ ಕಂಡುಬಂತು. ಆ ಪ್ರಯೋಗಗಳು ಕೃತಕವಾಗಿ ಕಟ್ಟಿದ ಪದಗಳನ್ನು ಬಳಸಿ ವಯಸ್ಕರ ಮೇಲೆ ನಡೆದವುಗಳಾದ್ದರಿಂದ ಅವುಗಳ ಫಲಿತಾಂಶವನ್ನು ಮಕ್ಕಳ ತರಗತಿಗೆ ನೇರವಾಗಿ ಅನ್ವಯಿಸುವಾಗ ಎಚ್ಚರ ಬೇಕು. ಆದರೂ ಅವು ತೋರಿಸುವ ದಿಕ್ಕು ತರಗತಿಯ ಅನುಭವಕ್ಕೆ ಒಪ್ಪುವಂಥದ್ದೇ ಆಗಿದೆ: ಸೋಪು, ಟವೆಲು, ಬಕೆಟ್ಟುಗಳನ್ನು ಒಟ್ಟಿಗೆ ಕಲಿತ ಮಗು ಯಾವುದು ಯಾವುದೆಂದು ಗೊಂದಲಪಡುತ್ತದೆ; ನೀರು, ತೊಳೆ, ಮುಖ, ತಣ್ಣಗೆ ಎಂಬ ನಾಲ್ಕನ್ನು ಒಂದೇ ಸನ್ನಿವೇಶದಲ್ಲಿ ಕಲಿತ ಮಗು ಅವುಗಳನ್ನು ಒಂದರಿಂದ ಇನ್ನೊಂದಕ್ಕೆ ಹಿಡಿದು ನೆನಪಿಡುತ್ತದೆ.

ಈ ಘಟಕದ ನಿಜವಾದ ಕಠಿಣತೆ ಇರುವುದು ನಾಮಪದಗಳಲ್ಲಿ ಅಲ್ಲವೇ ಅಲ್ಲ. ಸೋಪು, ಪೇಸ್ಟು, ಬ್ರಷ್ಷು, ಬಕೆಟ್ಟು, ಟವೆಲು ಎಂಬ ಪದಗಳು ಕನ್ನಡದ ಮನೆಮಾತಿನಲ್ಲಿ ಬೆರೆತು ಎಷ್ಟೋ ಕಾಲವಾಗಿದ್ದು, ಮಗು ಅವುಗಳನ್ನು ಕನ್ನಡವೆಂದೇ ತಿಳಿದಿರುತ್ತದೆ. ಅವುಗಳ ಮೇಲೆ ವಾರಗಟ್ಟಲೆ ಸಮಯ ಕಳೆಯುವ ಅಗತ್ಯವಿಲ್ಲ. ಕಷ್ಟವಿರುವುದು ಕ್ರಿಯಾಪದಗಳಲ್ಲಿ ಮತ್ತು ಅವು ತಮ್ಮ ಸುತ್ತ ಕಟ್ಟಿಕೊಳ್ಳುವ ವಾಕ್ಯರಚನೆಯಲ್ಲಿ. ಕನ್ನಡದ ಮಗು ‘ಹಲ್ಲುಜ್ಜಿದೆ’ ಎನ್ನುವಾಗ ಯಾರ ಹಲ್ಲು ಎಂದು ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ‘ಐ ಬ್ರಷ್ ಮೈ ಟೀತ್’ ಎಂದು ‘ಮೈ’ಯನ್ನು ಸೇರಿಸಲೇಬೇಕು. ಕನ್ನಡದಲ್ಲಿ ಕರ್ಮಪದ ಮೊದಲು, ಕ್ರಿಯಾಪದ ಕೊನೆಗೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು. ಕನ್ನಡದಲ್ಲಿ ‘ಆರು ಗಂಟೆಗೆ’ ಎನ್ನುವಾಗಲೂ ‘ಶಾಲೆಗೆ’ ಎನ್ನುವಾಗಲೂ ಚತುರ್ಥಿಯ ಒಂದೇ ಪ್ರತ್ಯಯ ಸಾಕಾಗುತ್ತದೆ, ಇಂಗ್ಲಿಷಿನಲ್ಲಿ ಕಾಲಕ್ಕೆ ‘ಅಟ್’, ಸ್ಥಳಕ್ಕೆ ‘ಟು’ ಎಂದು ಎರಡು ಬೇರೆ ಪದಗಳು ಬೇಕು, ಅವೂ ನಾಮಪದದ ಹಿಂದೆ ಬರದೆ ಮುಂದೆ ಬಂದು ನಿಲ್ಲಬೇಕು.

ಇವೆಲ್ಲಕ್ಕಿಂತ ಆಳವಾದ ವ್ಯತ್ಯಾಸ ಇನ್ನೊಂದಿದೆ. ಕನ್ನಡದಲ್ಲಿ ಬೆಳಗಿನ ಕತೆಯನ್ನು ‘ಎದ್ದು, ಹಲ್ಲುಜ್ಜಿ, ಮುಖ ತೊಳೆದು, ತಿಂಡಿ ತಿಂದು ಶಾಲೆಗೆ ಬಂದೆ’ ಎಂದು ಒಂದೇ ವಾಕ್ಯದಲ್ಲಿ ಹೇಳಬಹುದು. ಎದ್ದು, ಉಜ್ಜಿ, ತೊಳೆದು, ತಿಂದು ಎಂಬ ರೂಪಗಳನ್ನು ವ್ಯಾಕರಣದಲ್ಲಿ ಕೃದಂತಾವ್ಯಯಗಳೆನ್ನುತ್ತಾರೆ. ಎಂದರೆ ಧಾತುವಿಗೆ ಪ್ರತ್ಯಯ ಸೇರಿ ಉಂಟಾಗುವ, ಲಿಂಗವಚನಗಳಿಗೆ ತಕ್ಕಂತೆ ಬದಲಾಗದ, ವಾಕ್ಯವನ್ನು ಮುಗಿಸದೆ ಮುಂದಿನ ಕ್ರಿಯೆಗೆ ದಾಟಿಸುವ ರೂಪಗಳು. ಎಷ್ಟು ಕೆಲಸಗಳನ್ನಾದರೂ ಹೀಗೆ ಪೋಣಿಸುತ್ತ ಹೋಗಿ ಕಟ್ಟಕಡೆಗೆ ಒಂದೇ ಪೂರ್ಣ ಕ್ರಿಯಾಪದದಿಂದ ವಾಕ್ಯವನ್ನು ಮುಗಿಸಬಹುದು. ಇಂಗ್ಲಿಷಿನ ಸಾಮಾನ್ಯ ಮಾತಿನಲ್ಲಿ ಈ ಸೌಲಭ್ಯ ಇಷ್ಟು ಸಲೀಸಾಗಿ ಒದಗುವುದಿಲ್ಲ. ಅಲ್ಲಿ ಪ್ರತಿಯೊಂದು ಕೆಲಸವನ್ನೂ ಪೂರ್ಣ ಕ್ರಿಯಾಪದವಾಗಿ ಹೇಳಿ, ‘ದೆನ್’, ‘ಆಫ್ಟರ್ ದಟ್’, ‘ಆ್ಯಂಡ್’ ಎಂಬ ಕೊಂಡಿಗಳಿಂದ ಜೋಡಿಸಬೇಕು. ಆದ್ದರಿಂದ ಬೆಳಗಿನ ದಿನಚರಿಯನ್ನು ಕಲಿಸುವ ಶಿಕ್ಷಕರು ಹತ್ತು ನಾಮಪದಗಳ ಬದಲು ಐದು ಕ್ರಿಯಾಪದಗಳನ್ನೂ ಎರಡು ಕೊಂಡಿಪದಗಳನ್ನೂ ಆರಿಸಿಕೊಂಡರೆ, ಮಗುವಿಗೆ ತನ್ನ ಬೆಳಗನ್ನು ಒಂದು ಕಥನವಾಗಿ ಹೇಳುವ ಶಕ್ತಿ ಬರುತ್ತದೆ. ‘ಐ ಗೆಟ್ ಅಪ್. ದೆನ್ ಐ ವಾಷ್ ಮೈ ಫೇಸ್’ ಎಂದು ಎರಡು ವಾಕ್ಯಗಳನ್ನು ಜೋಡಿಸಿದ ಮಗು, ಇಪ್ಪತ್ತು ಚಿತ್ರಗಳಿಗೆ ಹೆಸರು ಹೇಳಿದ ಮಗುವಿಗಿಂತ ಇಂಗ್ಲಿಷಿನಲ್ಲಿ ಮುಂದಿದೆ.

ಇದರ ಇನ್ನೊಂದು ಫಲಿತಾರ್ಥವೆಂದರೆ, ಕ್ರಿಯಾಪದವನ್ನು ಒಂಟಿಯಾಗಿ ಕಲಿಸದೆ ಪದಗುಚ್ಛವಾಗಿ ಕಲಿಸಬೇಕೆಂಬುದು. ಪದಗುಚ್ಛವೆಂದರೆ ಬಳಕೆಯಲ್ಲಿ ಸದಾ ಒಟ್ಟಿಗೆ ಬರುವ, ಬಿಡಿಸದೆ ಇಡಿಯಾಗಿ ನೆನಪಿಡಬಹುದಾದ ಮಾತಿನ ತುಣುಕು. ತಿಂಡಿಗೆ ‘ಹ್ಯಾವ್’, ಸ್ನಾನಕ್ಕೆ ‘ಟೇಕ್’ ಅಥವಾ ‘ಹ್ಯಾವ್’, ಬಟ್ಟೆ ತೊಡುವುದಕ್ಕೆ ‘ಗೆಟ್’ ಅಥವಾ ‘ಪುಟ್ ಆನ್’ ಬರುವುದಕ್ಕೆ ಮಗುವಿಗೆ ವಿವರಿಸಬಹುದಾದ ಕಾರಣವೇನೂ ಇಲ್ಲ. ಅವು ಆ ಭಾಷೆಯ ರೂಢಿಗಳು. ಮೈಕೇಲ್ ಲೂಯಿಸ್ 1993ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಾಷಾಕಲಿಕೆಯ ಬಹುಭಾಗ ಇಂಥ ಸಿದ್ಧ ತುಣುಕುಗಳ ಸಂಗ್ರಹವೇ ಎಂದು ವಾದಿಸಿದರು. ಆ ವಾದವನ್ನು ಪೂರ್ತಿಯಾಗಿ ಒಪ್ಪದವರು ಕೂಡ ಎಳೆಯ ಮಕ್ಕಳ ವಿಷಯದಲ್ಲಿ ಅದು ಸರಿಯೆಂಬುದನ್ನು ಅಲ್ಲಗಳೆಯಲಾರರು. ಮಗು ಕನ್ನಡವನ್ನು ಕಲಿತದ್ದು ಸಹ ಇಡಿಯಾದ ಮಾತುಗಳಿಂದಲೇ, ಪದಗಳನ್ನು ಬಿಡಿಸಿಕೊಂಡದ್ದು ಆಮೇಲೆ.

ಬೋಧನೆಯ ವಿಧಾನಗಳಲ್ಲಿ ಈ ಘಟಕಕ್ಕೆ ಸಹಜವಾಗಿ ಹೊಂದುವುದು ಅಮೆರಿಕದ ಜೇಮ್ಸ್ ಆ್ಯಶರ್ 1960ರ ದಶಕದಲ್ಲಿ ರೂಪಿಸಿದ ವಿಧಾನ. ಶಿಕ್ಷಕರು ಇಂಗ್ಲಿಷಿನಲ್ಲಿ ಆಜ್ಞೆ ಕೊಡುತ್ತಾರೆ, ಮಕ್ಕಳು ಬಾಯಿಬಿಟ್ಟು ಉತ್ತರಿಸದೆ ಮೈಯಿಂದ ಅದನ್ನು ಮಾಡಿ ತೋರಿಸುತ್ತಾರೆ. ಮಾತನಾಡಲೇಬೇಕೆಂಬ ಒತ್ತಾಯವಿಲ್ಲದ್ದರಿಂದ ಹೆದರಿಕೆ ಕಡಿಮೆಯಾಗಿ, ಕಿವಿ ಮೊದಲು ಪಳಗುತ್ತದೆ. ಮುಖ ತೊಳೆಯುವ, ತಲೆ ಬಾಚುವ ಅಭಿನಯಕ್ಕೆ ಯಾವ ಸಲಕರಣೆಯೂ ಬೇಡ, ನಲವತ್ತು ಮಕ್ಕಳಿರುವ ತರಗತಿಯಲ್ಲೂ ಇದು ನಡೆಯುತ್ತದೆ. ಆದರೆ ಈ ವಿಧಾನ ಆಜ್ಞಾರ್ಥಕ ರೂಪದಲ್ಲೇ ನಿಂತುಬಿಡುವ ಅಪಾಯವಿದೆ. ಆಜ್ಞೆಯನ್ನು ಪಾಲಿಸಬಲ್ಲ ಮಗು ತನ್ನ ಬೆಳಗಿನ ಬಗ್ಗೆ ತಾನೇ ಹೇಳಬೇಕಾದರೆ ಆಲೋಚನೆ ನಡೆಯಬೇಕು, ಹೇಳುವುದಕ್ಕೆ ಕಾರಣವೂ ಇರಬೇಕು.

ಆ ಕಾರಣವನ್ನು ಒದಗಿಸುವ ದಾರಿಯೊಂದನ್ನು ಬೆಂಗಳೂರಿನ ಹೆಸರಿನಿಂದಲೇ ಜಗತ್ತು ಗುರುತಿಸುತ್ತದೆ ಎಂಬುದನ್ನು ಕನ್ನಡ ಓದುಗರು ಹೆಚ್ಚಾಗಿ ಗಮನಿಸಿದಂತಿಲ್ಲ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಗಳ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಭಾಷಾಬೋಧನೆಯ ಇತಿಹಾಸದಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಸಿದ್ಧವಾಗಿದೆ; 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೂ ಈ ಪ್ರಯೋಗಕ್ಕೂ ನಂಟಿದೆ. ಮಗುವಿನ ಗಮನ ಭಾಷೆಯ ರೂಪದ ಮೇಲಿರದೆ ಅರ್ಥದ ಮೇಲೆ, ಬಿಡಿಸಬೇಕಾದ ಒಂದು ಸಮಸ್ಯೆಯ ಮೇಲೆ ಇದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ತತ್ತ್ವ. ವೇಳಾಪಟ್ಟಿ, ನಕಾಶೆ, ಪ್ರಯಾಣದ ವಿವರಗಳನ್ನು ಮುಂದಿಟ್ಟುಕೊಂಡು ಮಕ್ಕಳು ಲೆಕ್ಕ ಹಾಕಿ, ತರ್ಕಿಸಿ ಉತ್ತರ ಕಂಡುಕೊಳ್ಳುವ ಚಟುವಟಿಕೆಗಳನ್ನು ಅವರು ‘ಟಾಸ್ಕ್’ ಎಂದರು. ಆ ಪ್ರಯೋಗದ ಫಲಿತಾಂಶಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ವ್ಯಾಕರಣವನ್ನು ಅಷ್ಟು ಸಂಪೂರ್ಣವಾಗಿ ಹಿನ್ನೆಲೆಗೆ ಸರಿಸುವುದು ಸರಿಯೇ ಎಂಬ ಪ್ರಶ್ನೆಯೂ ನಿಲ್ಲುತ್ತದೆ. ಬೆಳಗಿನ ದಿನಚರಿಗೆ ಮಾತ್ರ ಈ ದಾರಿ ಹೇಳಿಮಾಡಿಸಿದಂತಿದೆ.

ಅದನ್ನು ಹತ್ತಿರದಿಂದ ನೋಡುವುದಾದರೆ, ನಾಲ್ಕನೆಯ ತರಗತಿಯ ಮಕ್ಕಳ ಮುಂದೆ ಹಳ್ಳಿಯೊಂದರ ರವಿ ಎಂಬ ಹುಡುಗನ ಬೆಳಗನ್ನು ಇಂಗ್ಲಿಷಿನಲ್ಲಿ ಹೀಗೆ ಇಡಬಹುದು: ಅವನು ಆರೂವರೆಗೆ ಏಳುತ್ತಾನೆ; ಡೈರಿಗೆ ಹಾಲು ಹಾಕಿ ಬರಲು 30 ನಿಮಿಷ, ಸ್ನಾನಕ್ಕೂ ತಿಂಡಿಗೂ ಸೇರಿ 45 ನಿಮಿಷ, ಬಸ್ ನಿಲ್ದಾಣಕ್ಕೆ ನಡೆಯಲು 20 ನಿಮಿಷ ಬೇಕು; ಬಸ್ಸು ಹೊರಡುವುದು ಎಂಟು ಗಂಟೆಗೆ. ಅವನಿಗೆ ಬಸ್ಸು ಸಿಗುತ್ತದೆಯೇ? ಕೂಡಿಸಿ ನೋಡಿದ ಮಕ್ಕಳಿಗೆ ಅವನು ನಿಲ್ದಾಣ ಮುಟ್ಟುವಾಗ ಎಂಟು ಗಂಟೆ ಐದು ನಿಮಿಷವಾಗಿರುತ್ತದೆ ಎಂಬುದು ಗೊತ್ತಾಗುತ್ತದೆ. ಆಗ ಅವನೇನು ಮಾಡಬೇಕು ಎಂಬ ಚರ್ಚೆ ಏಳುತ್ತದೆ: ಬೇಗ ಏಳಬೇಕು ಎಂದು ಒಬ್ಬರು, ಹಾಲನ್ನು ಅವನ ತಂಗಿ ಕೊಂಡೊಯ್ಯಲಿ ಎಂದು ಮತ್ತೊಬ್ಬರು, ಓಡಿದರೆ ಸಿಗುತ್ತದೆ ಎಂದು ಇನ್ನೊಬ್ಬರು. ಈ ಚರ್ಚೆಯಲ್ಲಿ ಏಳು, ನಡೆ, ಓಡು, ಹಾಲು ಹಾಕು ಎಂಬ ಕ್ರಿಯಾಪದಗಳೂ, ಸಮಯ ಹೇಳುವ ರೀತಿಯೂ, ‘ಹಿ ಗೆಟ್ಸ್ ಅಪ್’ ಎನ್ನುವಲ್ಲಿ ಸೇರುವ ‘ಸ್’ ಕೂಡ ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಇಂಗ್ಲಿಷ್ ಕಲಿಯುವವರಿಗೆ ಕೊನೆಕೊನೆಗೆ ಒಲಿಯುವ ಪ್ರತ್ಯಯಗಳಲ್ಲಿ ಆ ‘ಸ್’ ಒಂದೆಂಬುದು ಅನೇಕ ಅಧ್ಯಯನಗಳಿಂದ ತಿಳಿದಿರುವುದರಿಂದ, ಅದನ್ನು ಬಿಟ್ಟು ಮಾತನಾಡಿದ ಮಗುವನ್ನು ತಡೆದು ತಿದ್ದುವುದಕ್ಕಿಂತ ಶಿಕ್ಷಕರು ಅದೇ ಮಾತನ್ನು ಸರಿಯಾದ ರೂಪದಲ್ಲಿ ಮರುನುಡಿಯುವುದು ಲೇಸು.

ರವಿಯ ಬೆಳಗಿನಲ್ಲಿ ಡೈರಿ ಬಂದದ್ದು ಅಲಂಕಾರಕ್ಕಲ್ಲ. ಪಠ್ಯಗಳ ಬೆಳಗು ಬಹುಮಟ್ಟಿಗೆ ಒಂದೇ ಬಗೆಯದು: ಪ್ರತ್ಯೇಕ ಮಲಗುವ ಕೋಣೆ, ಅಲಾರಾಂ ಗಡಿಯಾರ, ಷವರ್, ಮೇಜಿನ ಮೇಲೆ ಬ್ರೆಡ್ಡು ಮತ್ತು ಹಾಲು, ಬಾಗಿಲಿಗೆ ಬರುವ ಹಳದಿ ಬಸ್ಸು. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಬರುವ ಬಹಳಷ್ಟು ಮಕ್ಕಳ ಬೆಳಗಿನಲ್ಲಿ ನಲ್ಲಿಯಲ್ಲಿ ನೀರು ಬಂದಾಗ ಬಿಂದಿಗೆ ತುಂಬುವುದು, ಹಂಡೆಯ ಒಲೆಗೆ ಸೌದೆ ಹಾಕುವುದು, ಅಂಗಳ ಗುಡಿಸಿ ನೀರು ಚಿಮುಕಿಸುವುದು, ದನಕ್ಕೆ ಹುಲ್ಲು ಹಾಕುವುದು, ತಮ್ಮನಿಗೋ ತಂಗಿಗೋ ತಲೆ ಬಾಚುವುದು ಸೇರಿರುತ್ತವೆ. ಈ ಕೆಲಸಗಳಿಗೆ ತರಗತಿಯಲ್ಲಿ ಇಂಗ್ಲಿಷ್ ಮಾತು ಸಿಗದಿದ್ದಾಗ ಮಗು ಎರಡರಲ್ಲಿ ಒಂದನ್ನು ಮಾಡುತ್ತದೆ: ತನ್ನ ಮನೆಯಲ್ಲಿ ಇಲ್ಲದ ಷವರಿನ ಬಗ್ಗೆ ಸುಳ್ಳು ವಾಕ್ಯ ಹೇಳುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ಎರಡೂ ಭಾಷೆಯ ಕಲಿಕೆಗೆ ಹಾನಿ, ಮಗುವಿನ ಘನತೆಗೂ ಹಾನಿ. ಕೊಟ್ಟಿಗೆ, ಬಿಂದಿಗೆಗಳಂಥ ಪದಗಳು ಇಂಗ್ಲಿಷಿನಲ್ಲಿ ಹೆಚ್ಚು ಬಳಕೆಯವಲ್ಲ, ಆರಂಭದ ಪದಸಂಪತ್ತು ಹೆಚ್ಚು ಬಳಕೆಯ ಪದಗಳದ್ದಾಗಿರಬೇಕು ಎಂಬ ಆಕ್ಷೇಪಣೆ ಇಲ್ಲಿ ಬರಬಹುದು. 1953ರಲ್ಲಿ ಮೈಕೇಲ್ ವೆಸ್ಟ್ ಪ್ರಕಟಿಸಿದ ಸುಮಾರು 2000 ಪದಗಳ ಪಟ್ಟಿಯ ಕಾಲದಿಂದಲೂ ಈ ತತ್ತ್ವಕ್ಕೆ ಮನ್ನಣೆಯಿದೆ, ಅದು ತಪ್ಪೂ ಅಲ್ಲ. ಆದರೆ ತುಂಬು, ಗುಡಿಸು, ತಿನಿಸು, ಹೊರು, ಸಹಾಯ ಮಾಡು ಎಂಬ ಕ್ರಿಯೆಗಳಿಗೆ ಇಂಗ್ಲಿಷಿನಲ್ಲಿ ಇರುವ ಪದಗಳೆಲ್ಲ ಸಾಮಾನ್ಯ ಬಳಕೆಯವೇ; ಬಿಂದಿಗೆಗೆ ಬಿಂದಿಗೆಯೆಂದೇ ಹೇಳಿ ಇಂಗ್ಲಿಷ್ ಕ್ರಿಯಾಪದವನ್ನು ಸೇರಿಸಿದರೂ ಕಲಿಕೆಗೆ ಕುಂದಿಲ್ಲ.

ಇದೇ ಕಾರಣದಿಂದ ಇಂಗ್ಲಿಷ್ ತರಗತಿಯಿಂದ ಕನ್ನಡವನ್ನು ಹೊರಗಿಡುವ ನಿಯಮಕ್ಕೆ ಆಧಾರವಿಲ್ಲ. ಒಂದು ಭಾಷೆಯಲ್ಲಿ ಗಟ್ಟಿಯಾದ ಪರಿಕಲ್ಪನೆಗಳು ಮತ್ತೊಂದಕ್ಕೆ ದಾಟುತ್ತವೆ, ಅವನ್ನು ಎರಡನೆಯ ಸಲ ಕಲಿಯಬೇಕಾಗಿಲ್ಲ ಎಂಬ ಜಿಮ್ ಕಮಿನ್ಸ್ ಅವರ 1979ರ ಸಿದ್ಧಾಂತ ಬೆಳಗಿನ ದಿನಚರಿಯ ಮಟ್ಟಿಗೆ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಮಗು ಮೊದಲು ತನ್ನ ಮಾತಿನಲ್ಲಿ ತನ್ನ ಬೆಳಗನ್ನು ಹೇಳಲಿ. ಉತ್ತರ ಕರ್ನಾಟಕದ ಮಗು ‘ಜಳಕ’ ಎನ್ನಲಿ, ಕರಾವಳಿಯ ಮಗು ‘ಮೀಯುವುದು’ ಎನ್ನಲಿ, ಮನೆಯಲ್ಲಿ ಉರ್ದು, ತುಳು, ಲಂಬಾಣಿ ಆಡುವ ಮಗು ಆ ಭಾಷೆಯಲ್ಲೇ ಹೇಳಲಿ. ಆಮೇಲೆ ಅದಕ್ಕೆ ಇಂಗ್ಲಿಷ್ ಬರಲಿ. ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯಗೊಳಿಸುವಂತಿಲ್ಲ ಎಂದು ತೀರ್ಪಿತ್ತಿತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಮಾಧ್ಯಮದ ಬಗೆಗಿನ ವಾದ ಇನ್ನೂ ಬಹುಕಾಲ ನಡೆಯುತ್ತದೆ. ಅದು ಹೇಗೇ ಇತ್ಯರ್ಥವಾದರೂ, ಆರು ವರ್ಷದ ಮಗುವಿಗೆ ಇಂಗ್ಲಿಷನ್ನು ವಿಷಯವಾಗಿಯಾದರೂ ಚೆನ್ನಾಗಿ ಕಲಿಸುವ ಹೊಣೆ ತಪ್ಪುವುದಿಲ್ಲ.

ಮನೆಯ ಬೆಳಗಿನ ಬಗ್ಗೆ ಮಾತನಾಡುವಷ್ಟೇ ಮುಖ್ಯವಾದುದು ಶಾಲೆಯ ಬೆಳಗನ್ನು ಇಂಗ್ಲಿಷಿನಲ್ಲಿ ಬದುಕುವುದು. ಒಂದೇ ದಿನ ಹತ್ತು ಸಲ ಹೇಳಿದ ಪದಕ್ಕಿಂತ ಹತ್ತು ದಿನಗಳಲ್ಲಿ ಒಂದೊಂದು ಸಲ ಹೇಳಿದ ಪದ ಹೆಚ್ಚು ಕಾಲ ಉಳಿಯುತ್ತದೆ ಎಂಬುದು 1885ರಲ್ಲಿ ಹರ್ಮನ್ ಎಬಿಂಗ್‌ಹೌಸ್ ಪ್ರಕಟಿಸಿದ ಅಧ್ಯಯನದಿಂದ ಮೊದಲ್ಗೊಂಡು ನೆನಪಿನ ಬಗ್ಗೆ ದೃಢಪಟ್ಟಿರುವ ಸಂಗತಿ. ಅಂತರ ಬಿಟ್ಟು ಮರುಕಳಿಸುವ ಈ ಅಭ್ಯಾಸವನ್ನು ಶಾಲೆಯ ಬೆಳಗು ತಾನಾಗಿಯೇ ಒದಗಿಸುತ್ತದೆ. ಪ್ರಾರ್ಥನೆ, ನಾಡಗೀತೆ, ಹಾಜರಿ, ಕೈ ತೊಳೆಯುವುದು, 2013ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಬಿಸಿ ಹಾಲು, 2024ರಿಂದ ಅದರೊಂದಿಗೆ ಸೇರಿದ ರಾಗಿ ಮಾಲ್ಟ್, ಲೋಟ ತೊಳೆದಿಡುವುದು ಎಂಬ ಕ್ರಮ ವರ್ಷವಿಡೀ ನಡೆಯುತ್ತದೆ. ಸಾಲಿನಲ್ಲಿ ನಿಲ್ಲಿ, ಕೈ ತೊಳೆಯಿರಿ, ಲೋಟ ಹಿಡಿಯಿರಿ, ಬಿಸಿಯಿದೆ, ಸಾಕೇ, ಇನ್ನಷ್ಟು ಬೇಕೇ ಎಂಬ ಆರೇಳು ಮಾತುಗಳನ್ನು ಪ್ರತಿದಿನವೂ ಇಂಗ್ಲಿಷಿನಲ್ಲೇ ಆಡಿದರೆ, ವರ್ಷದ ಕೊನೆಗೆ ಅವು ಯಾವ ಪರೀಕ್ಷೆಯ ಸಿದ್ಧತೆಯೂ ಇಲ್ಲದೆ ಮಕ್ಕಳ ಬಾಯಲ್ಲಿ ನೆಲೆಗೊಂಡಿರುತ್ತವೆ. ಇದಕ್ಕೆ ಹೆಚ್ಚುವರಿ ಅವಧಿ ಬೇಡ. ತಮ್ಮ ಇಂಗ್ಲಿಷಿನ ಬಗ್ಗೆ ಅಳುಕುವ ಶಿಕ್ಷಕರಿಗೂ ಇಂಥ ಆರೇಳು ಮಾತುಗಳನ್ನು ಖಚಿತವಾಗಿ ಕಲಿತುಕೊಳ್ಳುವುದು ಕಷ್ಟವಲ್ಲ. ತರಬೇತಿಗಳು ಸಿದ್ಧಾಂತಗಳ ಹೆಸರುಗಳಿಗಿಂತ ಈ ಮಾತುಗಳಿಗೆ, ಅವುಗಳ ಉಚ್ಚಾರಣೆಗೆ ಹೆಚ್ಚು ಹೊತ್ತು ಕೊಡಬೇಕು.

ಉಳಿಯುವುದು ಮೌಲ್ಯಮಾಪನದ ಪ್ರಶ್ನೆ. ಚಿತ್ರಕ್ಕೂ ಪದಕ್ಕೂ ಗೆರೆ ಎಳೆಯುವ ಪ್ರಶ್ನೆಯೇ ಪರೀಕ್ಷೆಯಲ್ಲಿ ಬರುವವರೆಗೆ ತರಗತಿಯಲ್ಲೂ ಅದೇ ನಡೆಯುತ್ತದೆ, ಅದಕ್ಕಾಗಿ ಶಿಕ್ಷಕರನ್ನು ದೂರುವುದು ನ್ಯಾಯವಲ್ಲ. ಪಠ್ಯಪುಸ್ತಕಗಳ ಮುಂದಿನ ಪರಿಷ್ಕರಣೆಯಲ್ಲಿ ಬೆಳಗಿನ ದಿನಚರಿಯ ಘಟಕಕ್ಕೆ ಮಗು ತನ್ನ ಮನೆಯ ಬೆಳಗನ್ನು ಚಿತ್ರಿಸಿ, ಬೇಕಾದ ಮಾತುಗಳನ್ನು ಶಿಕ್ಷಕರಿಂದ ಕೇಳಿ ಬರೆಯಲು ಒಂದು ಖಾಲಿ ಪುಟವನ್ನು ಬಿಡಬೇಕು. ಮೌಲ್ಯಮಾಪನದಲ್ಲಿ ಪ್ರತಿಯೊಂದು ಮಗುವಿಗೂ ಆ ಪುಟವನ್ನು ಹಿಡಿದು ಒಂದು ನಿಮಿಷ ಇಂಗ್ಲಿಷಿನಲ್ಲಿ ಮಾತನಾಡುವ ಅವಕಾಶವಿರಬೇಕು, ಮತ್ತು ನಲವತ್ತು ಮಕ್ಕಳನ್ನು ಹಾಗೆ ಕುಳಿತು ಕೇಳಲು ಬೇಕಾಗುವ ಸಮಯವನ್ನು ಇಲಾಖೆ ಶಿಕ್ಷಕರಿಗೆ ಒದಗಿಸಿಕೊಡಬೇಕು.